ಒಂದನೇ ತರಗತಿಗೆ ಬಂದ ಮಕ್ಕಳು: ಮೊದಲ ಎರಡು ವಾರ

ಹೊಸದಾಗಿ ಬಂದ ಮಗು ಅಳುವುದು ಅವ್ವನ ನೆನಪಿಗಷ್ಟೇ ಅಲ್ಲ. ನೀರು ಎಲ್ಲಿದೆ, ಕಾಲ್ಮಡಿಯಲು ಯಾರನ್ನು ಕೇಳಬೇಕು, ಮನೆಯವರು ಯಾವಾಗ ಬರುತ್ತಾರೆ, ಈ ಮೂರು ಗೊತ್ತಾಗುವ ತನಕ ಅದಕ್ಕೆ ಬೇರೆ ಏನೂ ತಲೆಗೆ ಹೋಗುವುದಿಲ್ಲ. ಅದಕ್ಕೇ ಮೊದಲ ಎರಡು ವಾರ ನಾನು ಅಕ್ಷರದ ಗೊಡವೆಗೆ ಹೋಗುವುದಿಲ್ಲ. ಒಂದನೇ ತರಗತಿಯ ಆರಂಭಕ್ಕೆಂದು ಇರುವ ಶಾಲಾ ಸಿದ್ಧತಾ ಕಾರ್ಯಕ್ರಮ ವಿದ್ಯಾಪ್ರವೇಶ. ಅದರ 12 ವಾರಗಳು ಇರುವುದೇ ಆಟದ ಮೂಲಕ ಮಗುವನ್ನು ಸಿದ್ಧಪಡಿಸಲು.

ನಮ್ಮ ಕಲಬುರಗಿ ಜಿಲ್ಲೆಯ ಸೇಡಂ ಕಡೆ ಜೂನ್ ಮಳೆ ಬಿತ್ತೆಂದರೆ ಹೆಸರು, ಉದ್ದು, ತೊಗರಿ ಬಿತ್ತನೆ. ಅವ್ವ, ಅಪ್ಪ ಬೆಳಗಾದರೆ ಹೊಲಕ್ಕೆ. ಮಗುವನ್ನು ಕರೆತರುವುದು ಆಯಿ (ಅಜ್ಜಿ), ಇಲ್ಲವೇ ಮುತ್ಯಾ (ಅಜ್ಜ). ‘ಅಂಗಡಿಗೆ ಹೋಗಿ ಬಿಸ್ಕೀಟು ತರ್ತೀನಿ’ ಎಂದು ಹೇಳಿ ಜಾರಿಕೊಳ್ಳುವುದು ರೂಢಿ. ಹಾಗಾದ ದಿನ ಮಗು ಬಾಗಿಲನ್ನೇ ನೋಡುತ್ತ ಕೂರುತ್ತದೆ, ಮರುದಿನ ಸೆರಗೇ ಬಿಡುವುದಿಲ್ಲ. ‘ಆಯಿ, ಸುಳ್ಳು ಹೇಳಬ್ಯಾಡ್ರಿ. ಊಟ ಆದಮ್ಯಾಲ ಬರ್ತೀನಿ ಅಂತ ಹೇಳಿ ಹೋಗ್ರಿ, ಕಿಟಕಿ ಹತ್ರ ನಿಲ್ಲಬ್ಯಾಡ್ರಿ’ ಎಂದು ಮೊದಲೇ ಹೇಳಿಡುತ್ತೇನೆ. ಮೊದಲ ಮೂರು ದಿನ ಮಗು ಬಿಸಿಯೂಟದ ತನಕ ಇದ್ದರೆ ಸಾಕು, ಆದರೆ ಮನೆಯವರು ಹೇಳಿದ ಹೊತ್ತಿಗೆ ಬರಲೇಬೇಕು. ಮಗುವಿಗೆ ಗಡಿಯಾರ ತಿಳಿಯದು, ಸರದಿ ತಿಳಿಯುತ್ತದೆ. ಮಕ್ಕಳ ಕೈಗೆಟುಕುವಂತೆ ಗೋಡೆಯ ಕೆಳಭಾಗದಲ್ಲಿರುವ ಕರಿಹಲಗೆಯ ಮೇಲೆ ಪ್ರಾರ್ಥನೆ, ಹಾಲು, ಆಟ, ಊಟ, ಮನೆ ಎಂದು ಐದು ಚಿತ್ರ ಬರೆದು, ಒಂದೊಂದು ಮುಗಿದಂತೆ ಮಕ್ಕಳ ಕೈಯಿಂದಲೇ ಅಳಿಸುತ್ತೇನೆ. ಉಳಿದದ್ದೆಷ್ಟು ಎಂದು ಅವೇ ನೋಡಿಕೊಳ್ಳುತ್ತವೆ.

ಹೆಚ್ಚು ಮಕ್ಕಳು ಮರುದಿನ ಬಾರದಿರುವುದು ಶೌಚಾಲಯದ ಹೆದರಿಕೆಗೆ. ಮನೆಯಲ್ಲಿ ಬಯಲಿಗೆ ಹೋಗಿ ರೂಢಿಯಾದ ಮಗುವಿಗೆ ಕತ್ತಲ ಕೋಣೆ, ಚಿಲಕ ಎರಡೂ ಭಯ. ಮಧ್ಯಾಹ್ನದ ತನಕ ತಡೆದು, ಕೊನೆಗೆ ಚಡ್ಡಿ ಒದ್ದೆಯಾಗಿ, ಬೇರೆಯವರು ನಕ್ಕರೆ ಮುಗಿಯಿತು. ಮೊದಲ ದಿನವೇ ನಾಲ್ಕು ನಾಲ್ಕು ಮಕ್ಕಳನ್ನು ಕರೆದೊಯ್ದು ಕೂರುವ ಜಾಗ, ಮಗ್ಗು, ನೀರು ತೋರಿಸುತ್ತೇನೆ. ಚಿಲಕ ಹಾಕಬೇಕಿಲ್ಲ, ಹೊರಗೆ ಒಬ್ಬ ದೊಡ್ಡ ಹುಡುಗಿ ನಿಂತರಾಯಿತು. ಹಾಲಾದ ಮೇಲೆ ಒಮ್ಮೆ, ಊಟಕ್ಕೆ ಮುಂಚೆ ಒಮ್ಮೆ ಕೇಳದಿದ್ದರೂ ಎಲ್ಲರನ್ನೂ ಕಳಿಸಬೇಕು. ನಡುವೆ ಬೇಕಾದರೆ ಕಿರುಬೆರಳು ತೋರಿಸಿದರೆ ಸಾಕು. ‘ಕುಂದ್ರು’ ಎಂದು ಒಮ್ಮೆ ಗದರಿದರೂ ಆ ಬೆರಳು ಮತ್ತೆ ಏಳದು. ಶೌಚಕ್ಕೆ ಹೆದರಿದ ಮಗು ನೀರು ಕುಡಿಯುವುದನ್ನೂ ಬಿಡುತ್ತದೆ. ನಮ್ಮ ಬಿಸಿಲಿಗೆ ಅದು ತಲೆನೋವಾಗಿ ಹೊರಬೀಳುತ್ತದೆ. ನಲ್ಲಿ ಇರುವ ಕೊಡವನ್ನು ಮಗುವಿನ ಎದೆಯೆತ್ತರಕ್ಕೆ ಇಟ್ಟರೆ ಯಾರನ್ನೂ ಕೇಳದೆ ಕುಡಿಯುತ್ತದೆ.

ತಾಂಡಾದಿಂದ ಬಂದವು ಲಂಬಾಣಿ ಮಾತಾಡುತ್ತವೆ, ಕೆಲವು ದಖನಿ ಉರ್ದು, ಗಡಿ ಕಡೆಯವು ತೆಲುಗು. ‘ಪಾಣಿ’ ಎಂದರೂ ‘ನೀಳ್ಳು’ ಎಂದರೂ ನೀರು ಕೊಡಬೇಕು, ಕೊಡುತ್ತ ‘ನೀರು’ ಎನ್ನಬೇಕು. ತಿಂಗಳಾದರೂ ಬಾಯಿ ಬಿಡದ ಮಗು ದಡ್ಡ ಅಲ್ಲ, ಕೇಳಿಸಿಕೊಳ್ಳುತ್ತಿರುತ್ತದೆ.

ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆಯ ಪದ್ಧತಿಯಾದ ನಲಿ-ಕಲಿಯಲ್ಲಿ ಒಂದರಿಂದ ಮೂರನೇ ತರಗತಿ ಒಟ್ಟಿಗೆ ಕೂರುವುದು ಇಲ್ಲಿ ದೊಡ್ಡ ಅನುಕೂಲ. ಅದೇ ಓಣಿಯ, ಅದೇ ಮಾತಿನ ಮೂರನೇ ತರಗತಿಯ ಮಗುವನ್ನು ಜೋಡಿ ಮಾಡುತ್ತೇನೆ. ಒಡಹುಟ್ಟಿದ ಅಕ್ಕನ ಪಕ್ಕ ಮಾತ್ರ ಎರಡು ಮೂರು ದಿನಕ್ಕಿಂತ ಹೆಚ್ಚು ಕೂರಿಸಬಾರದು. ತಮ್ಮನನ್ನು ಸುಧಾರಿಸುತ್ತಲೇ ಅವಳ ಕಲಿಕಾ ಏಣಿ (ಮೆಟ್ಟಿಲು ಮೆಟ್ಟಿಲಾಗಿ ಸಾಗುವ ಕಲಿಕೆಯ ಹಂತಗಳು) ಇದ್ದಲ್ಲೇ ನಿಲ್ಲುತ್ತದೆ, ಅದು ಅವಳಿಗೆ ಅನ್ಯಾಯ.

ಮೊದಲ ವಾರ ನಕ್ಕೊಂಡಿದ್ದ ಮಗು ಎರಡನೇ ಸೋಮವಾರ ಅಳುವುದುಂಟು. ದಿನಾ ಬರಬೇಕು ಎಂಬುದು ಆಗ ತಿಳಿದಿರುತ್ತದೆ. ಯಾರಾದರೂ ಹೊಡೆದರೇ, ಚಿವುಟಿದರೇ ಎಂದು ಮೊದಲು ವಿಚಾರಿಸಿ, ಹಾಗೇನೂ ಇಲ್ಲದಿದ್ದರೆ ಅದೇ ಸರದಿ ಮುಂದುವರಿಸಬೇಕು. ಅತ್ತಿತೆಂದು ಮನೆಗೆ ಕಳಿಸಿದರೆ ನಾಳೆ ಇನ್ನೂ ಜೋರು. ನಾಗರ ಪಂಚಮಿ ರಜೆ ಆದಮೇಲೂ ಹೀಗೇ ಎರಡು ದಿನ. ಪುಣೆ, ಮುಂಬೈಗೆ ದುಡಿಯಲು ಹೋದ ತಂದೆತಾಯಿಯ ಜತೆ ಹೋಗಿ ವರ್ಷದ ನಡುವೆ ಮರಳಿದ ಮಕ್ಕಳಿಗೆ, ಎರಡನೇ ತರಗತಿಯವರಾದರೂ, ನೀರಿನ ಕೊಡದಿಂದಲೇ ಶುರು ಮಾಡುತ್ತೇನೆ.

ಮೂರನೇ ವಾರವೂ ತಟ್ಟೆ ಮುಟ್ಟದ, ಕರೆದರೆ ತಿರುಗದ ಮಗುವಿನ ವಿಷಯ ಬೇರೆ. ಕಿವಿ ಸೋರುತ್ತದೆಯೇ, ಜ್ವರ ಬಂದು ಹೋಗಿತ್ತೇ ಎಂದು ಮನೆಯವರನ್ನು ಕೇಳಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೋರಿಸಲು ಹೇಳುತ್ತೇನೆ.