ಕಿವಿ ಆ್ಯಪ್‌ನಲ್ಲಿ ನ್ಯಾವಿಗೇಶನ್ ಬಾರ್‌ನ ಬಣ್ಣ
ಪೈಥಾನ್‌ನ ಕಿವಿ ಫ್ರೇಮ್‌ವರ್ಕ್‌ನಲ್ಲಿ ಆಂಡ್ರಾಯ್ಡ್ ಆ್ಯಪ್ ಬರೆಯುತ್ತಿರುವ ರಾಯಚೂರು, ಸಿಂಧನೂರಿನ ಗೆಳೆಯರು ಪರದೆಯ ಕೆಳಗಿನ ನ್ಯಾವಿಗೇಶನ್ ಬಾರ್‌ನ ಬಣ್ಣ ಬದಲಿಸುವಾಗ, ಪೈಥಾನ್‌ನಿಂದ ಜಾವಾ ಕೋಡ್ ಕರೆಯಲು ನೆರವಾಗುವ ಪೈಜೀನಿಯಸ್ ಲೈಬ್ರರಿಯ ಮೂಲಕ ‘ಸೆಟ್‌ನ್ಯಾವಿಗೇಶನ್‌ಬಾರ್‌ಕಲರ್’ ಕರೆಯುವ ಫಂಕ್ಷನ್‌ಗೆ ‘ರನ್ ಆನ್ ಯುಐ ಥ್ರೆಡ್’ ಡೆಕೊರೇಟರ್ ಹಾಕಿ, ಬಣ್ಣವನ್ನು, ಪಠ್ಯವಾಗಿ ಬರೆದ ಬಣ್ಣವನ್ನು ಸಂಖ್ಯೆಯಾಗಿಸುವ ‘ಪಾರ್ಸ್‌ಕಲರ್’ನಿಂದಲೇ ಪಡೆಯಿರಿ. ಕಿವಿಯ ಕೋಡ್ ಬೇರೊಂದು ಥ್ರೆಡ್‌ನಲ್ಲಿ (ಕೆಲಸದ ಎಳೆಯಲ್ಲಿ) ನಡೆಯುತ್ತದೆ, ಆದರೆ ಆ್ಯಪ್‌ನ ಕಿಟಕಿಯ (ವಿಂಡೋ) ರೂಪವನ್ನು ಪರದೆಯನ್ನು ನಿಭಾಯಿಸುವ ಯುಐ ಥ್ರೆಡ್‌ನಿಂದಲೇ ಬದಲಿಸಬೇಕೆಂಬುದು ಆಂಡ್ರಾಯ್ಡ್‌ನ ನಿಯಮ. ಅಪಾರದರ್ಶಕ ಬಣ್ಣದ ಹೆಕ್ಸ್ ಸಂಖ್ಯೆಯನ್ನು ನೇರವಾಗಿ ಕೊಟ್ಟರೆ ಅದು ಜಾವಾದ 32 ಬಿಟ್ ಪೂರ್ಣಾಂಕದ ಮಿತಿಯನ್ನು ಮೀರುತ್ತದೆ. ನಮ್ಮ ಬಿಸಿಲಿನಲ್ಲಿ ಹೊಲದಲ್ಲಿ ನಿಂತು ಫೋನ್ ನೋಡುವವರಿಗೆ ಗಾಢ ಬಣ್ಣದ ಮೇಲೆ ಬಿಳಿ ಗುಂಡಿಗಳೇ ಲೇಸೆಂಬುದು ನನ್ನ ಅಭಿಪ್ರಾಯ; ತಿಳಿ ಬಣ್ಣವೇ ಬೇಕಾದರೆ ಗುಂಡಿಗಳನ್ನು ಕಪ್ಪಾಗಿಸುವ ಸೌಲಭ್ಯ ಆಂಡ್ರಾಯ್ಡ್ 8ರಿಂದ ಈಚೆಗಷ್ಟೇ ಇದೆ. ಎಪಿಐ 35 (ಆಂಡ್ರಾಯ್ಡ್ 15ರ ಆವೃತ್ತಿ ಸಂಖ್ಯೆ) ಅನ್ನು ಗುರಿಯಾಗಿಟ್ಟ ಆ್ಯಪ್‌ನಲ್ಲಿ, ಆಂಡ್ರಾಯ್ಡ್ 15ರ ಫೋನ್ ಸನ್ನೆಗಳಿಂದ ನಡೆಯುವಂತಿದ್ದರೆ, ಈ ಉಪಾಯ ಫಲಿಸದು. ಅಲ್ಲಿ ಬಾರ್ ಪಾರದರ್ಶಕವಾಗಿರುವುದರಿಂದ ಆ್ಯಪ್‌ನ ಹಿನ್ನೆಲೆಗೇ ಬಣ್ಣ ಕೊಡಬೇಕು.