ಹಳೆಯ ಫೋನಿನ ರಿಸೀವರ್‌ನಲ್ಲಿ ದನಿ ಮುದ್ರಿಸುವುದು, ಕೇಳಿಸುವುದು ಹೇಗೆ?

ಮೊಬೈಲ್ ಮುಂದೆ ಹಿಡಿದು ‘ಹಾಡಿ’ ಎಂದರೆ ನಮ್ಮ ಕಡೆಯ ಹಿರಿಯರು ಗಂಟಲು ಬಿಗಿಹಿಡಿಯುತ್ತಾರೆ. ಅದೇ ಕೈಗೆ ಟೇಬಲ್ ಫೋನಿನ ರಿಸೀವರ್ ಕೊಟ್ಟರೆ ಮಾತು ತಾನಾಗಿ ಬರುತ್ತದೆ. ಮೈಕ್ ಬಾಯಿಯ ಪಕ್ಕದಲ್ಲೇ ಇರುವುದರಿಂದ ಆಟಿ ತಿಂಗಳ ಮಳೆ ಹೆಂಚಿನ ಮಾಡಿನ ಮೇಲೆ ಸುರಿಯುತ್ತಿದ್ದರೂ ಪಾಡ್ದನದ (ತುಳು ಹಾಡುಗತೆಯ) ಸಾಲುಗಳು ಅದರಲ್ಲಿ ಮುಳುಗುವುದಿಲ್ಲ. ಮುದ್ರಿಸಿದ್ದನ್ನು ಅದೇ ರಿಸೀವರ್‌ನಲ್ಲಿ ಅವರಿಗೆ ಕೇಳಿಸಲೂಬಹುದು. ಮಂಗಳೂರು, ಉಡುಪಿಯ ಎಷ್ಟೋ ಮನೆಗಳ ಅಟ್ಟದಲ್ಲಿ ಇಂಥ ಫೋನು ಸುಮ್ಮನೆ ಬಿದ್ದಿದೆ. ಅದನ್ನು ಕಂಪ್ಯೂಟರಿಗೆ ಜೋಡಿಸಲು ಹೊರಟ ಹೆಚ್ಚಿನವರು ಕೆಲಸದ ಆರಂಭದಲ್ಲೇ ಕೆಡಿಸಿಕೊಳ್ಳುವುದನ್ನು ಕಂಡು ಇದನ್ನು ಬರೆಯುತ್ತಿದ್ದೇನೆ.

ಬೇಕಾದದ್ದು ಹೆಚ್ಚೇನಿಲ್ಲ: ರಿಸೀವರ್ ಸಹಿತ ಕೆಟ್ಟ ಫೋನು, ಮಲ್ಟಿಮೀಟರ್, ಸೋಲ್ಡರಿಂಗ್ ಐರನ್, 3.5 ಮಿ.ಮೀ. ಅಳತೆಯ ಎರಡು ಸ್ಟೀರಿಯೊ ಪಿನ್, ಒಂದು ಯುಎಸ್‌ಬಿ ಸೌಂಡ್ ಕಾರ್ಡ್ (ದನಿಯನ್ನು ಕಂಪ್ಯೂಟರಿನ ಒಳಕ್ಕೂ ಹೊರಕ್ಕೂ ಸಾಗಿಸುವ ಪುಟ್ಟ ಸಾಧನ). ಫೋನು ಗುಜರಿ ಅಂಗಡಿಯಲ್ಲಿ ಸಿಗುತ್ತದೆ, ಉಳಿದವು ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಯಲ್ಲಿ. ಸೌಂಡ್ ಕಾರ್ಡಿನಲ್ಲಿ ಮೈಕಿಗೂ ಹೆಡ್‌ಫೋನಿಗೂ ಬೇರೆ ಬೇರೆ ತೂತು ಇರಲೇಬೇಕು. ಲ್ಯಾಪ್‌ಟಾಪಿನ ಒಂಟಿ ತೂತಿಗೆ ನಾಲ್ಕು ಪಟ್ಟಿಯ ಪಿನ್ ಹಾಕಿ ಗುದ್ದಾಡುವುದು ವ್ಯರ್ಥ ಶ್ರಮ.

ಫೋನನ್ನು ಗೋಡೆಯ ಲೈನಿನಿಂದ ಪೂರ್ತಿ ಬಿಡಿಸಿ. ಆ ಲೈನಿನಲ್ಲಿ ಸುಮಾರು 48 ವೋಲ್ಟ್ ಇರುತ್ತದೆ, ಗಂಟೆ ಬಾರಿಸುವಾಗ ಇನ್ನೂ ಹೆಚ್ಚು. ಸೌಂಡ್ ಕಾರ್ಡು ಅದನ್ನು ತಾಳಲಾರದು.

ಈಗ ಎಲ್ಲರೂ ಎಡವುವ ಜಾಗ. ಸುರುಳಿ ತಂತಿಯನ್ನು ಕತ್ತರಿಸಿ ನೇರವಾಗಿ ಪಿನ್‌ಗೆ ಬೆಸೆಯೋಣ ಎಂದು ಎಲ್ಲರಿಗೂ ಮೊದಲು ತೋಚುತ್ತದೆ. ದಯವಿಟ್ಟು ಕತ್ತರಿಸಬೇಡಿ. ಅದರೊಳಗೆ ಇರುವುದು ಸಾಮಾನ್ಯ ತಾಮ್ರದ ಎಳೆಯಲ್ಲ. ನೂಲಿನ ದಾರಕ್ಕೆ ಸುತ್ತಿದ ತೆಳ್ಳನೆಯ ತಾಮ್ರದ ತಗಡು. ಸಾವಿರಾರು ಸಲ ಎಳೆದು ಬಿಟ್ಟರೂ ತುಂಡಾಗದಿರಲಿ ಎಂದು ಹಾಗೆ ಮಾಡಿದ್ದಾರೆ. ಬಿಸಿ ಐರನ್ ತಾಗಿದರೆ ದಾರ ಸುಟ್ಟುಹೋಗುತ್ತದೆ, ತಗಡು ಪುಡಿಯಾಗುತ್ತದೆ. ಹೇಗೋ ಬೆಸುಗೆ ಕೂತರೂ ಒಂದು ಎಳೆತಕ್ಕೆ ಕಿತ್ತುಬರುತ್ತದೆ. ಅದರ ಬದಲು ಫೋನಿನ ಪೆಟ್ಟಿಗೆಯನ್ನು ಬಿಚ್ಚಿ, ಸುರುಳಿ ತಂತಿ ಚುಚ್ಚಿಕೊಳ್ಳುವ ಪುಟ್ಟ ಸಾಕೆಟ್ಟನ್ನು ಅದರ ನಾಲ್ಕು ತಂತಿಗಳ ಸಮೇತ ಹೊರತೆಗೆಯಿರಿ. ಅವು ಮಾಮೂಲಿ ತಂತಿಗಳು, ಬೆಸುಗೆಗೆ ಒಗ್ಗುತ್ತವೆ. ಸುರುಳಿ ತಂತಿ ಮುಂಚಿನಂತೆಯೇ ಚುಚ್ಚಿಕೊಳ್ಳುತ್ತದೆ. ಕಡಲ ಗಾಳಿಗೆ ಸಾಕೆಟ್ಟಿನ ಸಂಪರ್ಕಗಳಲ್ಲಿ ಹಸಿರು ಕಿಲುಬು ಹಿಡಿದಿರುತ್ತದೆ; ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಉಜ್ಜಿ ತೆಗೆಯಿರಿ. ಗರಗರ ಸದ್ದು ಬರುತ್ತದೆಂದು ರಿಸೀವರ್ ಎಸೆದವರ ಬಳಿ ಅನೇಕ ಸಲ ಇಷ್ಟೇ ದೋಷವಿರುತ್ತದೆ.

ಇನ್ನು ಯಾವ ತಂತಿ ಯಾವುದರದು ಎಂಬ ಪತ್ತೆ. ಸಾಮಾನ್ಯವಾಗಿ ನಡುವಿನ ಎರಡು ಕಿವಿಯ ಸ್ಪೀಕರಿನವು, ಅಂಚಿನ ಎರಡು ಮೈಕಿನವು. ಆದರೆ ತಂತಿಯ ಬಣ್ಣವನ್ನು ನಂಬಬೇಡಿ. ತಯಾರಕರು ಮನಬಂದಂತೆ ಬದಲಿಸಿದ್ದಾರೆ. ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ, ರಿಸೀವರನ್ನು ಕಿವಿಗೆ ಇಟ್ಟುಕೊಂಡೇ ಎರಡೆರಡು ತಂತಿ ಮುಟ್ಟಿಸುತ್ತಾ ಹೋಗಿ. ‘ಟಿಕ್’ ಎಂದು ಕೇಳಿಸಿದ ಜೋಡಿ ಸ್ಪೀಕರಿನದು. ಮೀಟರು ಸಾಮಾನ್ಯವಾಗಿ ನೂರರಿಂದ ಇನ್ನೂರು ಓಮ್ ತೋರಿಸುತ್ತದೆ. ಉಳಿದ ಜೋಡಿ ಮೈಕಿನದು. ಅದರ ತುದಿಗಳನ್ನು ಅದಲುಬದಲು ಮಾಡಿದಾಗ ಓಮ್ ಬೇರೆ ಬೇರೆ ಬಂದರೆ ಅದು ಅಲ್ಪ ವಿದ್ಯುತ್ತಿನಲ್ಲೇ ನಡೆಯುವ ಎಲೆಕ್ಟ್ರೆಟ್ ಮೈಕ್, ನಿಮ್ಮ ಕೆಲಸ ಸುಲಭ. ಬಾಯಿಂದ ಊದಿದಾಗ, ರಿಸೀವರನ್ನು ಅಲುಗಾಡಿಸಿದಾಗ ಅಂಕಿ ಏರಿಳಿಯುತ್ತಿದ್ದರೆ ಅದು ಹಳೆಯ ಕಾರ್ಬನ್ ಮೈಕ್.

1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆಯ ಸುತ್ತುವ ಡಯಲಿನ ಫೋನುಗಳಲ್ಲಿ ಕಾರ್ಬನ್ ಮೈಕೇ ಇರುತ್ತದೆ. ಅದರೊಳಗಿನ ಇದ್ದಿಲ ಹರಳುಗಳ ಮೂಲಕ ಒಳ್ಳೆಯ ಪ್ರಮಾಣದ ವಿದ್ಯುತ್ ಹರಿಯಬೇಕು. ಸೌಂಡ್ ಕಾರ್ಡು ಕೊಡುವ ಅಲ್ಪ ವಿದ್ಯುತ್ತಿಗೆ ದನಿ ಪಿಸುಗುಟ್ಟಿದಂತೆ ಬರುತ್ತದೆ. ನಮ್ಮ ತೇವಕ್ಕೆ ಹರಳುಗಳು ಗಂಟುಕಟ್ಟುವುದೂ ಉಂಟು. ಬ್ಯಾಟರಿ ಕಟ್ಟಿ ಅದನ್ನೇ ಓಡಿಸಬಹುದು, ನಾನು ಸಲಹೆ ಮಾಡುವುದಿಲ್ಲ. ಬಾಯಿಯ ಕಡೆಯ ಮುಚ್ಚಳ ತಿರುಗಿಸಿ, ಕಾರ್ಬನ್ ಬಿಲ್ಲೆಯನ್ನು ತೆಗೆದು ಜೋಪಾನವಾಗಿಡಿ. ಆ ಜಾಗಕ್ಕೆ ಎಲೆಕ್ಟ್ರೆಟ್ ಮೈಕ್ ಕೂರಿಸಿ. ಬೆಲೆ ತೀರಾ ಕಡಿಮೆ. ಅದರ ಲೋಹದ ಕವಚಕ್ಕೆ ತಾಗಿಕೊಂಡಿರುವ ಕಾಲು ಋಣ. ಐರನ್ ಕ್ಷಣಕಾಲ ಮಾತ್ರ ಮುಟ್ಟಲಿ, ಹೆಚ್ಚು ಬಿಸಿಗೆ ಮೈಕ್ ಸಾಯುತ್ತದೆ.

ಪಿನ್ ಬೆಸೆಯುವಾಗ ಎರಡೂ ಒಂದೇ ರೀತಿ ಅಲ್ಲ, ಗಮನಿಸಿ. ಮೈಕಿನ ಪಿನ್ನಿನಲ್ಲಿ ತುದಿ ಮತ್ತು ನಡುವಿನ ಉಂಗುರವನ್ನು ಸೇರಿಸಿ ಮೈಕಿನ ಧನಕ್ಕೆ ಕೊಡಿ, ಬುಡವನ್ನು ಋಣಕ್ಕೆ. ಮೈಕಿಗೆ ಬೇಕಾದ ವಿದ್ಯುತ್ ಉಂಗುರದಲ್ಲಿ ಬರುವ ಕಾರ್ಡುಗಳಿವೆ, ತುದಿಯಲ್ಲಿ ಬರುವವೂ ಇವೆ. ಹೀಗೆ ಸೇರಿಸಿದರೆ ಎರಡಕ್ಕೂ ಸರಿ. ಸ್ಪೀಕರಿನ ಪಿನ್ನಿನಲ್ಲಿ ಮಾತ್ರ ತುದಿ ಮತ್ತು ಬುಡವನ್ನಷ್ಟೇ ಬಳಸಿ, ಉಂಗುರವನ್ನು ಖಾಲಿ ಬಿಡಿ. ತುದಿ, ಉಂಗುರ ಎರಡನ್ನೂ ಸೇರಿಸಿದರೆ ಎಡ, ಬಲ ಎರಡು ಆಂಪ್ಲಿಫಯರುಗಳು ಒಂದರ ಮೇಲೊಂದು ಬಿದ್ದು ಕೆಡಬಹುದು. ‘ಮೋನೊ ಪಿನ್ ಸಾಕು’ ಎಂದು ಅಂಗಡಿಯವರು ಕೊಟ್ಟರೆ ಹಿಂದಿರುಗಿಸಿ. ನಡುವಿನ ಉಂಗುರವಿಲ್ಲದ ಅದು ಬಲಗಡೆಯ ಔಟ್‌ಪುಟ್ಟನ್ನು ನೇರ ಶಾರ್ಟ್ ಮಾಡುತ್ತದೆ. ಮೈಕಿನಲ್ಲಿ ದನಿ ಬಾರದಿದ್ದರೆ ಅದರ ಎರಡು ತಂತಿಗಳನ್ನು ಅದಲುಬದಲು ಮಾಡಿ ನೋಡಿ.

ಮುದ್ರಣಕ್ಕೆ ಆಡಾಸಿಟಿ ತಂತ್ರಾಂಶ ಸಾಕು, ಉಚಿತ. ಮೋನೊ, 44,100 ಹರ್ಟ್ಸ್, ಡಬ್ಲ್ಯುಎವಿ (WAV) ಕಡತ. ವಿಂಡೋಸ್‌ನಲ್ಲಿ ಮೈಕಿನ ‘ಎನ್‌ಹಾನ್ಸ್‌ಮೆಂಟ್’, ತಾನಾಗಿ ದನಿ ಏರಿಳಿಸುವ ಸೌಲಭ್ಯ ಎರಡನ್ನೂ ಆಫ್ ಮಾಡಿಬಿಡಿ. ಇಲ್ಲವಾದರೆ ಅಜ್ಜಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಕಂಪ್ಯೂಟರು ಮಳೆಯ ಸದ್ದನ್ನು ಮೇಲೆತ್ತಿಬಿಡುತ್ತದೆ. ಜೋರಾದ ದನಿಯೂ ಮೈನಸ್ 6 ಡೆಸಿಬೆಲ್ ದಾಟದಂತೆ ಮಟ್ಟ ಇಡಿ. ಮುದ್ರಿಸುತ್ತಿರುವಾಗ ಅದೇ ದನಿಯನ್ನು ಕಿವಿಯ ಸ್ಪೀಕರಿಗೆ ಬಿಡಬೇಡಿ, ಕೀರಲು ಸದ್ದು ಹುಟ್ಟುತ್ತದೆ.

ಕೇಳಿಸಲು ಒಂದು ಪ್ರತಿ ಬೇರೆಯೇ ಮಾಡಿ. ದೂರವಾಣಿ ಸಾಗಿಸುತ್ತಿದ್ದದ್ದು ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ದನಿಯನ್ನು. ಪ್ರತಿಯನ್ನು ಅಷ್ಟಕ್ಕೆ ಸೋಸಿದರೆ ಆ ಸಣ್ಣ ಸ್ಪೀಕರಿನಲ್ಲಿ ಮಾತು ಸ್ಪಷ್ಟವಾಗುತ್ತದೆ. ಮೂಲ ಕಡತವನ್ನು ಮುಟ್ಟಬೇಡಿ, ಸದ್ದು ಕಳೆಯುವ ಫಿಲ್ಟರನ್ನೂ ಅದಕ್ಕೆ ಹಾಕಬೇಡಿ. ಎರಡು ಬೇರೆ ಬೇರೆ ಡ್ರೈವ್‌ಗಳಲ್ಲಿ ಇಡಿ. ಕೇಳಿಸುವಾಗ ಮೊದಲು ವಾಲ್ಯೂಮ್ ತೀರಾ ತಗ್ಗಿಸಿ, ನಿಮ್ಮ ಕಿವಿಯಲ್ಲಿ ಪರೀಕ್ಷಿಸಿ, ಆಮೇಲೆ ರಿಸೀವರನ್ನು ಹಿರಿಯರ ಕೈಗೆ ಕೊಡಿ.