ಸ್ಟೇರಿಂಗ್ ಗಡಗಡ: ಡಿಸ್ಕ್ ಬೆಂಡೇ ಆಗಿರ್ಲಿಲ್ಲ

ವಾರಕ್ಕೆ ಎರಡು ಸಲ ಬಳ್ಳಾರಿಯಿಂದ ಸಂಡೂರಿಗೆ ಹೋಗ್ಬೇಕು ನಾನು, ತೋರಣಗಲ್ಲು ಕಡೆ ಅದಿರು ಲಾರಿಗಳದ್ದೇ ಕಾರುಬಾರು, ಮಳೆ ಬಂತಂದ್ರೆ ರೋಡೆಲ್ಲ ಕೆಂಪು ರಾಡಿ. ಹೋದ ಮಳೆಗಾಲದಾಗ 80 ದಾಟಿದ್ರೆ ಕಾರಿನ ಸ್ಟೇರಿಂಗ್ ಗಡಗಡ ಅನ್ನಾಕ ಶುರು ಆತು, ಬ್ರೇಕ್ ಒತ್ತಿದ್ರೆ ಇನ್ನೂ ಜಾಸ್ತಿ. ಗ್ಯಾರೇಜಿನವ್ರು ಒಂದ್ ರೌಂಡ್ ಹೊಡ್ಕಂಡು ಬಂದು "ಮುಂದಿನ ಬ್ರೇಕ್ ಡಿಸ್ಕ್ ಬೆಂಡ್ ಆಗ್ಯಾವ ಸರ್, ಎರಡೂ ಹೊಸಾವು ಹಾಕ್ಸಿ" ಅಂದ್ರು. ಅಲ್ರೀ, ಆ ಡಿಸ್ಕ್ ಹಾಕಿ ಇನ್ನೂ ವರ್ಷ ಆಗಿಲ್ಲ, ಹಾಕಿದ್ದೂ ಇವ್ರೇ! ಸಿಟ್ಟು ಬಂದು ಗಾಡಿ ಮನೆಗೆ ತಂದೆ.

ಬ್ರೇಕ್ ಮುಟ್ಟದೇನೂ ನಡುಗ್ತೈತಿ ಅಂದ್ಮೇಲೆ ಅದಷ್ಟೂ ಡಿಸ್ಕಿಂದಲ್ಲ ಅಂತ ವೀಲ್ ಬಿಚ್ಚಿದೆ. ರಿಮ್ ಒಳಮೈಯಾಗ ಕೆಂಪು ಮಣ್ಣು ಒಂದೇ ಕಡೆ ಒಣಗಿ ಇಟ್ಟಂಗಿ ಥರ ಕುಂತೈತಿ. ಬ್ಯಾಲೆನ್ಸಿಂಗ್ ಮಾಡೋರು 5 ಗ್ರಾಂ, 10 ಗ್ರಾಂ ಅಂತ ತೂಕ ಬಡೀತಾರ, ಇಲ್ಲಿ ಬೊಗಸೆ ತುಂಬ ಮಣ್ಣು. ಕೆತ್ತಿ ತೊಳೆದ ಮೇಲೆ 90ರಾಗೂ ಗಾಡಿ ಗಪ್‌ಚಿಪ್.

ಬ್ರೇಕ್ ಒತ್ತಿದ್ರೆ ಮಾತ್ರ ಹಂಗೇ ಇತ್ತು. ನಡುಕ ಸೀಟಿಗೆ ಬರಾಂಗಿಲ್ಲ, ಕೈಗೆ ಬರ್ತಿತ್ತು, ಅಂದ್ರೆ ಮುಂದಿನ ವೀಲೇ. ಖಾಲಿ ರೋಡಿನಾಗ ಹ್ಯಾಂಡ್‌ಬ್ರೇಕ್ ಬಟನ್ ಒತ್ತಿ ಹಿಡಕಂಡೇ ಮೆಲ್ಲಗ ಎಳೆದು ನೋಡಿದೆ, ಏನೂ ಇಲ್ಲ, ಅದು ಹಿಡಿಯೋದು ಹಿಂದಿನ ವೀಲಿಗಷ್ಟೇ, ಅಂದ್ರೆ ಹಿಂದಿನ ಬ್ರೇಕ್ ಡ್ರಮ್ ಸರಿ ಐತಿ. ಆಮೇಲೆ ಲೇತ್ ಅಂಗಡಿ ದೋಸ್ತನ ಹತ್ರ ಡಯಲ್ ಗೇಜ್ (ಕೂದಲೆಳೆಯಷ್ಟು ಓಲಾಟನೂ ಅಳೆಯೋ ಮೀಟರ್) ಇಸ್ಕಂಡು, ವಾಷರ್ ಹಾಕಿ ನಟ್‌ಗಳಿಂದ ಡಿಸ್ಕನ್ನ ಹಬ್‌ಗೆ (ಡಿಸ್ಕೂ ವೀಲೂ ಕೂರೋ ನಡುವಿನ ಭಾಗ) ಬಿಗಿ ಮಾಡಿ, ಕೈಯಿಂದ ತಿರುಗಿಸಿದ್ರೆ ಬಲಗಡೇದು 0.12 ಮಿಲಿಮೀಟರ್ ಓಲಾಡ್ತೈತಿ. 0.05ರ ಒಳಗಿದ್ರೆ ನನಗೆ ಸಮಾಧಾನ. ಹಂಗಾರೆ ಬೆಂಡೇ ಇರ್ಬೇಕು ಅಂತ ನನಗೂ ಅನ್ನಿಸ್ತು, ಸುಳ್ಳ್ಯಾಕ ಹೇಳ್ಲಿ. ಆದ್ರೆ ಡಿಸ್ಕ್ ಕಳಚಿದ್ರೆ ಹಬ್ ಮುಖದ ಮ್ಯಾಗ ತುಕ್ಕು ಪದರಪದರ, ಡಿಸ್ಕ್ ಸಪಾಟಾಗಿ ಕೂರಾಕೇ ಬಿಟ್ಟಿಲ್ಲ! ಹೊಸ ಡಿಸ್ಕ್ ಹಾಕೋವಾಗ ಅದನ್ನ ಒರೆಸೋ ಪುರುಸೊತ್ತೂ ಅವರಿಗೆ ಇರ್ಲಿಲ್ಲ. ವೈರ್ ಬ್ರಷ್, ಎಮರಿ ಪೇಪರ್ ಹಿಡಕಂಡು ಒಂದು ತಾಸು ತಿಕ್ಕಿ, ಅದೇ ಡಿಸ್ಕ್ ವಾಪಸ್ ಕೂರಿಸಿ ನೋಡಿದ್ರೆ 0.04.

ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನ ಡಿಸ್ಕಿಗೆ ಒತ್ತೋ ಭಾಗ) ಪಿನ್ ಎರಡೂ ಸಲೀಸಾಗಿ ಆಡ್ತಿದ್ವು, ಅವಕ್ಕೆ ಬ್ರೇಕ್ ಗ್ರೀಸ್ ಹಚ್ಚಿದೆ ಅಷ್ಟೇ. ವೀಲ್ ನಟ್ ಎದುರುಬದುರು ಒಂದೊಂದಾಗಿ, ಎಷ್ಟು ಬಿಗಿ ಅಂತ ಅಳೆದು ತಿರುಗಿಸೋ ಟಾರ್ಕ್ ರೆಂಚಿನಿಂದ, ಎಲ್ಲಾ ಒಂದೇ ಸಮ ಬಿಗಿ ಮಾಡಿದೆ, ಹೆಚ್ಚುಕಮ್ಮಿ ಆದ್ರೆ ಡಿಸ್ಕ್ ಮತ್ತೆ ಓಲಾಡಬಹುದು.

ನಡುಕ ಒಂದೇ ದಿನಕ್ಕೆ ಪೂರ್ತಿ ಹೋಗ್ಲಿಲ್ಲ, ಓಲಾಡಿ ಓಲಾಡಿ ಡಿಸ್ಕ್ ಮೈ ಸ್ವಲ್ಪ ಏರುಪೇರು ಆಗಿತ್ತೋ ಏನೋ, ಸಂಡೂರಿಗೆ ಮೂರ್ನಾಕು ಸಲ ಹೋಗಿ ಬರೋದ್ರಾಗ ನಿಂತೋತು. ಮೊನ್ನೆ ಪಂಕ್ಚರ್ ಹಾಕಿಸಿದಾಗ ಹುಡುಗ ಏರ್ ಗನ್ ಎತ್ಕಂಡ, "ಬ್ಯಾಡಪ್ಪ, ನಟ್ ನಾನೇ ಬಿಗಿ ಮಾಡ್ಕೆಂತೀನಿ" ಅಂದ್ರೆ ಮೇಲಿಂದ ಕೆಳಗೆ ನೋಡಿದ ನನ್ನ.